ಅಮ್ಮನ ಹಾಡಿನ ಪೆಟ್ಟಿಗೆ: ಗಾಯಕರ ಬಟನ್ ಅದ್ಭುತ, ಮೂಡ್ ಬಟನ್ ಬೇಡವಾಗಿತ್ತು

ವಯಸ್ಸಾದ ಅಪ್ಪ ಅಮ್ಮನಿಗೆ ಏನು ಕೊಡಿಸಲಿ ಅಂತ ಯೋಚಿಸುತ್ತಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೆ ಚಿತ್ರಗೀತೆ ತುಂಬಿಕೊಂಡು ಬರುವ ರೇಡಿಯೋ ಥರದ ಪ್ಲೇಯರ್ ಇದೆಯಲ್ಲ, ಧೈರ್ಯವಾಗಿ ತಗೊಳ್ಳಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. 2017ರಲ್ಲಿ ಸರೆಗಮ ಕಂಪನಿ ಕಾರವಾನ್ ಬಿಟ್ಟ ಮೇಲೆ ಇಂಥ ಪೆಟ್ಟಿಗೆಗಳು ಎಷ್ಟೋ ಮನೆಗಳಿಗೆ ಬಂದವು. ನಮ್ಮ ಮನೆಯಲ್ಲಿರುವುದು ಬೇರೆ ಕಂಪನಿಯದು. ಅದರ ಹೆಸರು ಇಲ್ಲಿ ಬೇಡ. ನಾನು ಬರೆಯಲು ಹೊರಟಿರುವುದು ಇಂಥ ಪೆಟ್ಟಿಗೆಗಳು ಹಾಡುಗಳನ್ನು ಹೇಗೆ ವಿಂಗಡಿಸುತ್ತವೆ, ಮತ್ತು ಆ ವಿಂಗಡಣೆ ಕೇಳುವವರ ಮನಸ್ಸಿಗೆ ಎಷ್ಟು ಹೊಂದುತ್ತದೆ ಅನ್ನುವುದನ್ನು.

ಯಂತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದಪ್ಪ ಬಟನ್‌ಗಳು, ಕನ್ನಡಕ ಇಲ್ಲದೆಯೂ ಕಾಣುತ್ತವೆ. ಸೌಂಡ್ ಅಡುಗೆಮನೆಯಿಂದ ಜಗಲಿವರೆಗೆ ಕೇಳುವಷ್ಟಿದೆ, ಮಾತು ಸ್ಪಷ್ಟ, ತಬಲಾದ ಕೆಳಗಿನ ನಾದ ಮಾತ್ರ ಸ್ವಲ್ಪ ತೆಳು. ಬ್ಲೂಟೂತ್ ಇದೆ, ಅಮ್ಮ ಅದನ್ನು ಮುಟ್ಟಿಲ್ಲ. ಎಫ್‌ಎಂ ಇದೆ, ಅದನ್ನು ಮುಟ್ಟುತ್ತಾರೆ. ಅಷ್ಟೆ.

ನಿಜವಾದ ವಿಷಯ ಮೂರು ಬಟನ್‌ಗಳದ್ದು. ಒಂದರಲ್ಲಿ ಹಾಡುಗಳು ಗಾಯಕರ ಹೆಸರಿನ ಮೇಲೆ ಬರುತ್ತವೆ. ಇನ್ನೊಂದರಲ್ಲಿ ಸಂತೋಷ, ದುಃಖ, ಪ್ರೇಮ, ಭಕ್ತಿ ಅಂತ ಮೂಡ್ ಮೇಲೆ. ಮೂರನೆಯದು ಸುಮ್ನೆ ಕಲಸಿ ಹಾಕುತ್ತದೆ.

ಅಮ್ಮನಿಗೆ ಫೋನ್‌ನಲ್ಲಿ ಹಾಡು ಹಾಕಿಕೊಡುವ ಪ್ರಯತ್ನ ನಾವೆಲ್ಲ ಮಾಡಿದ್ದೇವೆ. ಅವರಿಗೆ ಬೇಕಾದ ಹಾಡು ಸಿಗುತ್ತಿತ್ತು, ಕೇಳುತ್ತಿದ್ದರು, ಆಮೇಲೆ ಬಿಟ್ಟುಬಿಡುತ್ತಿದ್ದರು. "ಹುಡುಕಿ ಹಾಕ್ಕೊಂಡು ಕೇಳೋದು ಹಾಡಾ? ಅದು ತಾನಾಗೇ ಬರಬೇಕು ಕಣೇ" ಅನ್ನುತ್ತಾರೆ. ಅವರ ಕಾಲದಲ್ಲಿ ಹಾಡು ಬರುತ್ತಿದ್ದದ್ದು ಹಾಗೆಯೇ. ತಿಪಟೂರಿನ ಹತ್ತಿರದ ಹಳ್ಳಿ, ಇಡೀ ಬೀದಿಗೆ ಒಂದೇ ರೇಡಿಯೋ, ಕೋರಿಕೆ ಕಾರ್ಯಕ್ರಮದಲ್ಲಿ ಯಾರೋ ಕೇಳಿದ ಹಾಡು ಇವರಿಗೂ ಬರುತ್ತಿತ್ತು. ಮುಂದಿನ ಹಾಡು ಯಾವುದು ಅಂತ ಗೊತ್ತಿಲ್ಲದೆ ಕಾಯುವುದರಲ್ಲೇ ಅರ್ಧ ಸುಖ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2011ರಲ್ಲಿ, ಜನ ತಮಗೆ ರೋಮಾಂಚನ ತರಿಸುವ ಸಂಗೀತ ಕೇಳುವಾಗ ಮೆದುಳಿನಲ್ಲಿ ಏನಾಗುತ್ತದೆ ಅಂತ ನೋಡಿದರು. ಡೋಪಮಿನ್ ಅನ್ನುವ, ಖುಷಿಗೆ ಸಂಬಂಧಿಸಿದ ಮೆದುಳಿನ ರಾಸಾಯನಿಕ ಆ ರೋಮಾಂಚನದ ಕ್ಷಣದಲ್ಲಿ ಮಾತ್ರವಲ್ಲ, ಅದಕ್ಕೆ ಸ್ವಲ್ಪ ಮುಂಚೆ, 'ಈಗ ಬಂತು, ಈಗ ಬಂತು' ಅನ್ನುವ ಹೊತ್ತಿನಲ್ಲೂ ಹೊರಬರುತ್ತದೆ, ಅದೂ ಮೆದುಳಿನ ಬೇರೆ ಭಾಗದಲ್ಲಿ. ಅಮ್ಮ ಹಾಡಿನ ಮೊದಲ ಪಿಟೀಲು ಕೇಳಿದ ಕೂಡಲೇ ತರಕಾರಿ ಹೆಚ್ಚುವ ಕೈ ನಿಲ್ಲಿಸಿ ತಲೆ ಎತ್ತುತ್ತಾರೆ, ಗಾಯಕರ ದನಿ ಇನ್ನೂ ಬಂದೇ ಇರುವುದಿಲ್ಲ. ಈ ಪೆಟ್ಟಿಗೆ ಆ ಕಾಯುವಿಕೆಯನ್ನು ವಾಪಸ್ ತಂದಿದೆ. ನಾನು ಇದಕ್ಕೆ ಕೊಡುವ ಮೊದಲ ಮೆಚ್ಚುಗೆ ಇದು.

ಎರಡನೆಯದು ಗಾಯಕರ ಬಟನ್. ನಮ್ಮ ಮನೆಯಲ್ಲಿ ಇದನ್ನು ತಿರುಗಿಸಿದರೆ ಸಾಕು, ಯಾರ ವಯಸ್ಸು ಎಷ್ಟು ಅಂತ ಹೇಳಬಹುದು. ಅಮ್ಮನಿಗೆ ಪಿ.ಬಿ. ಶ್ರೀನಿವಾಸ್. ರಾಜ್‌ಕುಮಾರ್ ಪರದೆಯ ಮೇಲೆ ಬಾಯಿ ಆಡಿಸಿದರೆ ಬರಬೇಕಾದ ದನಿ ಅದೇ ಅನ್ನುವುದು ಅವರ ನಂಬಿಕೆ. ಅವರಿಗಿಂತ ಹತ್ತು ವರ್ಷ ಚಿಕ್ಕವರಾದ ನಮ್ಮ ಚಿಕ್ಕಮ್ಮನಿಗೆ ರಾಜ್‌ಕುಮಾರ್ ಹಾಡು ಅಂದರೆ ರಾಜ್‌ಕುಮಾರ್ ಅವರೇ ಹಾಡಿದ್ದು. 1974ರಲ್ಲಿ ಅಣ್ಣಾವ್ರು ತಾವೇ ಹಾಡಿ ಗೆದ್ದ ಮೇಲೆ ಆ ದನಿಯೇ ಮುಂದುವರಿಯಿತಲ್ಲ, ಚಿಕ್ಕಮ್ಮನ ಹರೆಯ ಆ ಕಾಲದ್ದು. ನನಗೆ ಹಂಸಲೇಖ ಕಾಲದ ಎಸ್‌ಪಿಬಿ, ಚಿತ್ರಾ. ಮೂವರಿಗೂ ಅವರವರ ಆಯ್ಕೆಯೇ ಕನ್ನಡ ಚಿತ್ರಸಂಗೀತದ ಚಿನ್ನದ ಕಾಲ, ಮೂವರೂ ಅದಕ್ಕಾಗಿ ಊಟದ ಎಲೆ ಮುಂದೆ ವಾದ ಮಾಡುವವರೇ.

ಇದು ಬರೀ ನಮ್ಮ ಮನೆ ಕತೆ ಅಲ್ಲ. ಹದಿಹರೆಯದಿಂದ ಇಪ್ಪತ್ತರ ನಡುವಿನ ತನಕ ಕೇಳಿದ ಹಾಡುಗಳು ಮನಸ್ಸಿನಲ್ಲಿ ಬೇರೆ ಯಾವ ವಯಸ್ಸಿನ ಹಾಡಿಗಿಂತ ಆಳವಾಗಿ ಕೂತಿರುತ್ತವೆ ಅಂತ ಮನಶ್ಶಾಸ್ತ್ರದವರು ಬೇರೆ ಬೇರೆ ಕಡೆ ಕಂಡಿದ್ದಾರೆ. ಆ ವಯಸ್ಸಿನಲ್ಲಿ ನಾವು ಯಾರು ಅಂತ ನಾವೇ ಕಟ್ಟಿಕೊಳ್ಳುತ್ತಿರುತ್ತೇವೆ, ಮೊದಲ ಸಲ ಆಗುವ ಸಂಗತಿಗಳೆಲ್ಲ ಆಗಲೇ ಆಗುತ್ತವೆ, ಹಾಡು ಅವಕ್ಕೆ ಅಂಟಿಕೊಳ್ಳುತ್ತದೆ. ನನಗೆ ಇನ್ನೂ ಇಷ್ಟವಾದದ್ದು ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರೊಲ್ ಕ್ರುಮ್‌ಹಾನ್ಸಲ್ ಅವರು ಜಸ್ಟಿನ್ ಜುಪ್ನಿಕ್ ಜೊತೆ 2013ರಲ್ಲಿ ಪ್ರಕಟಿಸಿದ ಕೆಲಸ. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರಿಗೆ ಬೇರೆ ಬೇರೆ ದಶಕದ ಹಾಡು ಕೇಳಿಸಿದರೆ ಅವರ ಕಾಲದ ಹಾಡುಗಳ ಜೊತೆಗೆ, ಅವರ ಅಪ್ಪ ಅಮ್ಮ ಹರೆಯದಲ್ಲಿದ್ದಾಗ ಬಂದ ಹಾಡುಗಳೂ ಅವರಿಗೆ ಆಪ್ತವಾಗಿದ್ದವು. ಇದನ್ನು ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ, ಸಮಾಧಾನ ಆಯಿತು. ಪಿ.ಬಿ. ಶ್ರೀನಿವಾಸ್ ದನಿ ಕೇಳಿದರೆ ನನ್ನೊಳಗೂ ಏನೋ ಸಡಿಲವಾಗುತ್ತದೆ, ಅದು ನನ್ನ ಕಾಲದ ದನಿಯಲ್ಲ. ರುಚಿ ಅನ್ನುವುದು ಮನೆಯಲ್ಲೇ ಕೈ ಬದಲಾಯಿಸುತ್ತದೆ ಅಲ್ವಾ.

ಈಗ ಮೂಡ್ ಬಟನ್‌ಗೆ ಬರುತ್ತೇನೆ. ನನ್ನ ತಕರಾರು ಇರುವುದು ಇಲ್ಲಿ.

'ದುಃಖ' ಅಂತ ಒತ್ತಿದರೆ ಪಿ.ಬಿ. ಶ್ರೀನಿವಾಸ್ ಸಾಲುಸಾಲಾಗಿ ಬರುತ್ತಾರೆ. ಕೆಲವು ನಿಜಕ್ಕೂ ದುಃಖದ ಹಾಡು. ಆದರೆ ತುಂಬ ಹಾಡುಗಳಲ್ಲಿ ದುಃಖ ಇಲ್ಲವೇ ಇಲ್ಲ. ಒಂದರಲ್ಲಿ ಹೀರೋ ಹೊಳೆ ದಂಡೆಯಲ್ಲಿ ಒಬ್ಬನೇ ನಿಂತು ಊರನ್ನು ನೋಡುತ್ತಿದ್ದಾನೆ. ಇನ್ನೊಂದು ಜೋಗುಳ. ಅಮ್ಮ ಇವನ್ನು ಕೇಳಿ ಅನ್ನುವುದು "ಮನಸ್ಸು ತಣ್ಣಗಾಯ್ತು" ಅಂತ. ಯಾರು ವಿಂಗಡಿಸಿದರೋ, ಮನುಷ್ಯರೋ ಯಂತ್ರವೋ, ಯಾಕೆ ಹೀಗಾಯಿತು ಅನ್ನುವುದನ್ನು ಊಹಿಸಬಹುದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಪ್ಯಾಟ್ರಿಕ್ ಯುಸ್ಲಿನ್ ಗಿಟಾರ್ ವಾದಕರಿಗೆ ಒಂದೇ ಟ್ಯೂನನ್ನು ಸಂತೋಷ, ದುಃಖ, ಸಿಟ್ಟು, ಭಯ ಹೀಗೆ ಬೇರೆ ಬೇರೆ ಭಾವದಲ್ಲಿ ನುಡಿಸಲು ಹೇಳಿ, ಕೇಳುಗರಿಗೆ ಅದು ತಲುಪುತ್ತದಾ ಅಂತ ನೋಡಿದರು. ತಲುಪಿತು. ಕಲಾವಿದರು ಬಳಸಿದ ಉಪಾಯವೂ ಗೊತ್ತಾಯಿತು. ದುಃಖಕ್ಕೆ ನಿಧಾನ, ಮೆತ್ತಗೆ, ಸ್ವರಕ್ಕೆ ಸ್ವರ ಅಂಟಿಸಿ. ಸಂತೋಷಕ್ಕೆ ಬೇಗ, ಬಿಡಿಸಿ ಬಿಡಿಸಿ. ಸಿಟ್ಟಿಗೆ ಜೋರು. ನಾವು ಮಾತಾಡುವಾಗ ದನಿಯಲ್ಲಿ ಆಗುವ ಬದಲಾವಣೆಯೂ ಇದೇ ಅಂತ ಯುಸ್ಲಿನ್ ಅವರೇ ಪೆಟ್ರಿ ಲೌಕ್ಕ ಜೊತೆ 2003ರಲ್ಲಿ ತೋರಿಸಿದರು. ಬೇಸರದಲ್ಲಿರುವವರು ನಿಧಾನವಾಗಿ, ಇಳಿದ ದನಿಯಲ್ಲಿ ಮಾತಾಡುತ್ತಾರೆ, ಸಂಗೀತ ಅದನ್ನೇ ಹಿಡಿಯುತ್ತದೆ.

ಸರಿ, ಈಗ ಪಿ.ಬಿ. ಶ್ರೀನಿವಾಸ್ ದನಿ ನೆನಪಿಸಿಕೊಳ್ಳಿ. ಮೆತ್ತಗೆ, ಕೆಳಗಿನ ಸ್ಥಾಯಿಯಲ್ಲಿ, ಸ್ವರದಿಂದ ಸ್ವರಕ್ಕೆ ಜಾರುತ್ತಾ, ಎಲ್ಲೂ ಆತುರ ಇಲ್ಲ. ಆ ಲೆಕ್ಕದ ಪ್ರಕಾರ ಅವರು ಏನು ಹಾಡಿದರೂ ದುಃಖದ ಖಾನೆಗೇ ಬೀಳಬೇಕು! ಆದರೆ ನಿಧಾನ, ಮೆತ್ತಗೆ ಅನ್ನುವುದು ಶಾಂತಕ್ಕೂ ಗುರುತು. ಈ ಎರಡನ್ನು ಬೇರೆ ಮಾಡುವುದು ಸುಲಭ ಅಲ್ಲ. 1999ರಲ್ಲಿ ಲಾರಾ ಬಾಲ್ಕ್‌ವಿಲ್ ಮತ್ತು ವಿಲಿಯಂ ಥಾಮ್ಸನ್ ಅನ್ನುವವರು, ನಮ್ಮ ಸಂಗೀತದ ಪರಿಚಯ ಇಲ್ಲದ ಪಾಶ್ಚಾತ್ಯ ಕೇಳುಗರಿಗೆ ಹಿಂದೂಸ್ತಾನಿ ರಾಗಗಳನ್ನು ಕೇಳಿಸಿದ್ದರು. ಸಂತೋಷ, ದುಃಖ, ಸಿಟ್ಟು ಅವರಿಗೆ ಗೊತ್ತಾಯಿತು. ಶಾಂತ ಮಾತ್ರ ಸರಿಯಾಗಿ ಗೊತ್ತಾಗಲಿಲ್ಲ. ಅಮೆರಿಕದಲ್ಲಿ ಬೆಳೆದ ನಮ್ಮ ಅಕ್ಕನ ಮಗ ರಜೆಗೆ ಬಂದಾಗ ಅಮ್ಮನ ಹಾಡು ಕೇಳಿ "ಅಜ್ಜಿ ಯಾಕೆ ಯಾವಾಗಲೂ ಸ್ಯಾಡ್ ಹಾಡು ಕೇಳ್ತಾರೆ" ಅಂತ ಕೇಳಿದ. ಅವನ ಕಿವಿಗೆ ಅದು ಹಾಗೆಯೇ ಕೇಳಿಸಿದೆ. ಅಜ್ಜಿಯ ಕಿವಿಗೆ ಅಲ್ಲ. ಶಾಂತವನ್ನು ಗುರುತಿಸಲು ಆ ದನಿಯ ಜೊತೆ ಸ್ವಲ್ಪ ಕಾಲ ಬದುಕಿರಬೇಕು ಅಂತ ನನಗೆ ಅನಿಸುತ್ತದೆ. ಪೆಟ್ಟಿಗೆ ಮಾಡಿದವರು ಅಕ್ಕನ ಮಗನ ಕಿವಿಯಿಂದ ವಿಂಗಡಿಸಿದ್ದಾರೆ, ಮಾರಿದ್ದು ಅಜ್ಜಿಗೆ.

ಇನ್ನೊಂದು ತೊಡಕು. ಹಾಡಿನಲ್ಲಿ ಇರುವ ಭಾವ ಬೇರೆ, ಕೇಳುವವರಲ್ಲಿ ಏಳುವ ಭಾವ ಬೇರೆ. ಲಿಯಿಲಾ ಟರುಫಿ, ಸ್ಟೆಫಾನ್ ಕೋಲ್ಷ್ ಅನ್ನುವ ಸಂಶೋಧಕರು 2014ರಲ್ಲಿ 772 ಜನರನ್ನು ಕೇಳಿದ್ದರು, ದುಃಖದ ಸಂಗೀತ ಕೇಳಿದಾಗ ನಿಮಗೆ ಏನನಿಸುತ್ತದೆ ಅಂತ. ಹೆಚ್ಚು ಸಲ ಬಂದ ಉತ್ತರ ದುಃಖ ಅಲ್ಲ, ಹಳೆಯ ದಿನಗಳ ಹಂಬಲ. ಅಮ್ಮನ ವಿಷಯದಲ್ಲಿ ಉಲ್ಟಾ ಕೂಡ ಆಗುತ್ತದೆ. 'ಸಂತೋಷ' ಬಟನ್‌ನಲ್ಲಿ ಬರುವ ಒಂದು ಕುಣಿತದ ಹಾಡು ಅವರ ಇನ್ನೊಬ್ಬ ತಂಗಿಯ ಮದುವೆಯಲ್ಲಿ ಮೈಕ್ ಸೆಟ್‌ನವರು ದಿನವಿಡೀ ಹಾಕಿದ್ದ ಹಾಡು. ಆ ತಂಗಿ ಈಗಿಲ್ಲ. ಆ ಹಾಡು ಬಂದರೆ ಅಮ್ಮ ಎದ್ದು ಹಿತ್ತಲಿಗೆ ಹೋಗುತ್ತಾರೆ. ಇದನ್ನು ಯಾವ ಕಂಪನಿಯೂ ಲೆಕ್ಕಕ್ಕೆ ತಗೊಳ್ಳಲು ಆಗುವುದಿಲ್ಲ, ಒಪ್ಪುತ್ತೇನೆ. ಆಗದ ಕೆಲಸಕ್ಕೆ ಯಾಕೆ ಬಟನ್ ಇಡಬೇಕು?

ಗಾಯಕರ ಬಟನ್ ಯಾಕೆ ಸರಿ ಅಂದರೆ, ಭಾವವನ್ನು ನಮಗೆ ಮುಟ್ಟಿಸುವವರು ಅವರು. ಎಸ್. ಜಾನಕಿ ಅವರನ್ನೇ ತಗೊಳ್ಳಿ. ಮೈಕಿನ ಮುಂದೆ ಕೈ ಆಡಿಸದೆ, ಮುಖ ಬದಲಿಸದೆ, ನಿಂತಲ್ಲೇ ನಿಂತು ಹಾಡುವುದಕ್ಕೆ ಅವರು ಹೆಸರಾದವರು. 2017ರಲ್ಲಿ ಮೈಸೂರಿನಲ್ಲಿ ವೇದಿಕೆಗೆ ವಿದಾಯ ಹೇಳಿದ ಈ ಗಾಯಕಿ ಪುಟ್ಟ ಮಗುವಿನ ದನಿಯಲ್ಲಿ ಹಾಡುತ್ತಿದ್ದರು, ಮುದುಕಿಯ ದನಿಯಲ್ಲೂ ಹಾಡುತ್ತಿದ್ದರು. ಎಲ್ಲವೂ ಗಂಟಲಲ್ಲಿ, ಉಸಿರಿನಲ್ಲಿ. ಗಾಯಕರ ಬಟನ್‌ನಲ್ಲಿ ಜಾನಕಿ ಅಂತ ಇಟ್ಟು ಒಂದು ಗಂಟೆ ಬಿಡಿ, ಒಬ್ಬರೇ ಕಲಾವಿದೆ ಲಾಲಿ ಹಾಡಿ, ಕೆಣಕಿ, ಮುನಿಸಿಕೊಂಡು, ದೇವರ ಮುಂದೆ ನಿಂತು, ಮತ್ತೆ ನಗುವುದು ಕೇಳುತ್ತದೆ. ಅದೇ ಹಾಡುಗಳನ್ನು ಮೂಡ್ ಖಾನೆಗಳಿಗೆ ಹಂಚಿಬಿಟ್ಟರೆ ಒಂದು ಭಾವದಿಂದ ಇನ್ನೊಂದಕ್ಕೆ ಅವರು ಹೊರಳುವ ಆ ಸೊಗಸೇ ಹೋಗುತ್ತದೆ.

ಹಾಡುವವರು ನಿಜಕ್ಕೂ ಆ ಭಾವವನ್ನು ಅನುಭವಿಸುತ್ತಾರಾ ಅನ್ನುವ ಪ್ರಶ್ನೆ ಅಮ್ಮನಿಗೂ ನನಗೂ ಎಷ್ಟೋ ಸಲ ಚರ್ಚೆಗೆ ಬಂದಿದೆ. ಎಸ್‌ಪಿಬಿ 1981ರ ಫೆಬ್ರವರಿಯಲ್ಲಿ ಸಂಗೀತ ನಿರ್ದೇಶಕ ಉಪೇಂದ್ರ ಕುಮಾರ್ ಅವರಿಗಾಗಿ ಒಂದೇ ದಿನ 21 ಕನ್ನಡ ಹಾಡು ಹಾಡಿದ್ದರು. ಪ್ರತಿ ಹಾಡಿಗೂ ಹೊಸದಾಗಿ ಅಳುವುದು, ಹೊಸದಾಗಿ ಪ್ರೀತಿಸುವುದು ಯಾರಿಗಾದರೂ ಸಾಧ್ಯವಾ? ನನ್ನ ಪ್ರಕಾರ ಅವರು ಭಾವದ ದಾರಿ ಬಲ್ಲವರು. ಯಾವ ಅಕ್ಷರದ ಮೇಲೆ ಉಸಿರು ಬಿಟ್ಟರೆ ನಗು ಕೇಳುತ್ತದೆ, ಎಲ್ಲಿ ದನಿ ಸ್ವಲ್ಪ ಒಡೆದರೆ ಕೇಳುವವರ ಎದೆ ಒದ್ದೆಯಾಗುತ್ತದೆ ಅಂತ ಗೊತ್ತಿದ್ದವರು. ಅಮ್ಮ ಒಪ್ಪುವುದಿಲ್ಲ. "ಒಳಗೆ ಇಲ್ದೆ ಹೊರಗೆ ಬರಲ್ಲ" ಅನ್ನುತ್ತಾರೆ. ಟಿವಿಯಲ್ಲಿ ಮಕ್ಕಳ ಹಾಡಿನ ಸ್ಪರ್ಧೆ ನಡೆಸುವಾಗ ಎಸ್‌ಪಿಬಿ ಸ್ವರ ತಪ್ಪಿದ್ದಕ್ಕಿಂತ ಮಾತಿನ ಅರ್ಥ ತಿಳಿಯದೆ ಹಾಡಿದ್ದನ್ನು ಹೆಚ್ಚು ತಿದ್ದುತ್ತಿದ್ದರು ಅನ್ನುವುದು ಅಮ್ಮನ ಸಾಕ್ಷಿ. ಅದು ಬಲವಾದ ಸಾಕ್ಷಿಯೇ. ಇಬ್ಬರ ಮಾತೂ ಒಟ್ಟಿಗೆ ನಿಜ ಇರಬಹುದು.

ಪೆಟ್ಟಿಗೆಗೆ ವಾಪಸ್ ಬರುತ್ತೇನೆ. ಇನ್ನೆರಡು ಕೊರತೆ ಹೇಳಬೇಕು. ಒಂದು, ಹಾಡು ಶುರುವಾದಾಗ ಗಾಯಕರ ಹೆಸರು ಬಿಟ್ಟು ಇನ್ನೇನೂ ತೋರಿಸುವುದಿಲ್ಲ. ಸಾಹಿತ್ಯ ಬರೆದವರು, ಸಂಗೀತ ಕೊಟ್ಟವರು, ವರ್ಷ, ಇವು ಬೇಕಿತ್ತು. ಜಿ.ಕೆ. ವೆಂಕಟೇಶ್, ರಾಜನ್ ನಾಗೇಂದ್ರ, ವಿಜಯಭಾಸ್ಕರ್ ಹೆಸರಿನ ಮೇಲೆ ಒಂದು ಬಟನ್ ಇದ್ದರೆ ನಾನೇ ಒಂದು ಕೊಂಡುಕೊಳ್ಳುತ್ತಿದ್ದೆ. ಎರಡು, ಹಾಡುಗಳು ಆ ಕಂಪನಿಯ ಹತ್ತಿರ ಹಕ್ಕು ಇರುವವು ಮಾತ್ರ. ಹಾಗಾಗಿ ಅಮ್ಮ ಕೇಳುವ ಕೆಲವು ಹಾಡು ಎಷ್ಟು ತಿರುಗಿಸಿದರೂ ಬರುವುದಿಲ್ಲ. ಅವನ್ನು ಪೆನ್ ಡ್ರೈವ್‌ಗೆ ಹಾಕಿ ಕೊಟ್ಟಿದ್ದೇನೆ, ಪೆಟ್ಟಿಗೆ ಅದನ್ನು ಚೆನ್ನಾಗಿ ಓದುತ್ತದೆ.

ಕೊಳ್ಳುವವರು ಅಂಗಡಿಯಲ್ಲಿ ಒಟ್ಟು ಎಷ್ಟು ಹಾಡು ಅಂತ ಕೇಳಿ ಸುಮ್ಮನಾಗಬೇಡಿ. ನಿಮ್ಮ ಅಪ್ಪ ಅಮ್ಮ ಹದಿನೈದರಿಂದ ಇಪ್ಪತ್ತೈದು ವಯಸ್ಸಿನಲ್ಲಿದ್ದ ವರ್ಷಗಳನ್ನು ಲೆಕ್ಕ ಹಾಕಿ, ಹಾಡಿನ ಪಟ್ಟಿ ತೆಗೆದು, ಆ ವರ್ಷಗಳ ಹಾಡು ಎಷ್ಟಿವೆ ನೋಡಿ. 1950ರ ಸುಮಾರಿಗೆ ಹುಟ್ಟಿದವರಾದರೆ ಪಿ.ಬಿ. ಶ್ರೀನಿವಾಸ್, ಪಿ. ಸುಶೀಲಾ, ಜಾನಕಿ ಜಾಸ್ತಿ ಇರುವ ಪೆಟ್ಟಿಗೆ. 1960ರ ನಂತರದವರಾದರೆ ರಾಜ್‌ಕುಮಾರ್, ಎಸ್‌ಪಿಬಿ, ವಾಣಿ ಜಯರಾಂ. ಮನೆಗೆ ತಂದ ಮೇಲೆ ಗಾಯಕರ ಬಟನ್‌ನಲ್ಲಿ ಇಟ್ಟು ಕೊಡಿ. ಮೂಡ್ ಬಟನ್ ಇದೆ ಅಂತ ನೀವಾಗಿ ಹೇಳಿಕೊಡುವುದು ಬೇಡ.