ನೇವಿಯನ್ಸ್‌ನ ಚುಕ್ಕಿ ಗ್ರಾಫ್: ಕಟ್‌ಆಫ್ ಪಟ್ಟಿ ಅಂದುಕೊಂಡರೆ ಕೆಟ್ಟಿರಿ

ಅಮೆರಿಕದ ಖಾಸಗಿ ಹೈಸ್ಕೂಲಿನಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರಲ್ಲಿ ಹಲವರಿಗೆ ಕಾಲೇಜು ಅರ್ಜಿಯ ತಂತ್ರಾಂಶ ನೇವಿಯನ್ಸ್ ಹೊಸದಲ್ಲ. ಶಾಲೆಯೇ ಲಾಗಿನ್ ಕೊಡುತ್ತದೆ. 2021ರಿಂದ ಪವರ್‌ಸ್ಕೂಲ್ ಕಂಪನಿಯ ಕೈಗೆ ಬಂದಿರುವ ಈ ತಂತ್ರಾಂಶದಲ್ಲಿ ಕಾಲೇಜುಗಳಿಗೆ ಕಾಗದಪತ್ರ ಕಳಿಸುವುದೂ ಸೇರಿ ಹತ್ತಾರು ಕೆಲಸಗಳಿವೆ. ಅವುಗಳ ಬಗ್ಗೆ ತಕರಾರಿಲ್ಲ. ಅಪ್ಪ ಅಮ್ಮ ರಾತ್ರಿ ಕೂತು ಕಣ್ಣು ನೆಡುವುದು ಒಂದೇ ಪುಟದ ಮೇಲೆ: ಸ್ಕ್ಯಾಟರ್‌ಗ್ರಾಮ್. ಈ ವಿಮರ್ಶೆ ಅದೊಂದರದ್ದೇ.

ಒಂದು ಅಕ್ಷದಲ್ಲಿ ಜಿಪಿಎ (ಹೈಸ್ಕೂಲಿನ ಸರಾಸರಿ ಗ್ರೇಡು), ಇನ್ನೊಂದರಲ್ಲಿ ಕಾಲೇಜು ಪ್ರವೇಶ ಪರೀಕ್ಷೆಗಳಾದ ಎಸ್‌ಎಟಿ (1600ಕ್ಕೆ) ಅಥವಾ ಎಸಿಟಿ ಅಂಕ. ಇದೇ ಶಾಲೆಯಿಂದ ಹಿಂದಿನ ವರ್ಷಗಳಲ್ಲಿ ಆ ಕಾಲೇಜಿಗೆ ಅರ್ಜಿ ಹಾಕಿದ ಒಬ್ಬೊಬ್ಬರಿಗೂ ಒಂದೊಂದು ಗುರುತು. ಸೀಟು ಸಿಕ್ಕಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಇದರ ಬೆಲೆ ದೊಡ್ಡದು. ಒಂದು ಶಾಲೆಯ 3.8 ಇನ್ನೊಂದು ಶಾಲೆಯ 3.8 ಅಲ್ಲ, ಎಷ್ಟೋ ಖಾಸಗಿ ಶಾಲೆಗಳು ರ‍್ಯಾಂಕನ್ನೂ ಕೊಡುವುದಿಲ್ಲ. ನಿಮ್ಮ ಮಗು ತನ್ನದೇ ಶಾಲೆಯ ಮಕ್ಕಳ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ಇಷ್ಟು ನೇರವಾಗಿ ತೋರಿಸುವ ಸಾಧನ ಪೋಷಕರ ಕೈಗೆ ಬೇರೆ ಸಿಗುವುದು ಕಷ್ಟ.

ಎಡವಟ್ಟಾಗುವುದು ನಮ್ಮ ಅಭ್ಯಾಸದಿಂದ. ಸಿಇಟಿ ಕಾಲದಿಂದ ನಾವು ಕೆಇಎ ಪಟ್ಟಿ ಓದಿ ಪಳಗಿದವರು: ಕಳೆದ ವರ್ಷ ಇಂಥ ಕಾಲೇಜು, ಇಂಥ ಬ್ರ್ಯಾಂಚು, ಇಂಥ ಕೆಟಗರಿಗೆ ಕೊನೆಯ ರ‍್ಯಾಂಕ್ ಎಷ್ಟು? ಅದರೊಳಗಿದ್ದರೆ ನೆಮ್ಮದಿ. ಈ ಗ್ರಾಫಿನಲ್ಲಿ ಬ್ರ್ಯಾಂಚೂ ಇಲ್ಲ, ಕೆಟಗರಿಯೂ ಇಲ್ಲ. ಕೆಟಗರಿಗಳು ಇಲ್ಲವೆಂದಲ್ಲ, ಕಾಣುವುದಿಲ್ಲ ಅಷ್ಟೆ.

ಉದಾಹರಣೆಗೆ 3.6 ಜಿಪಿಎ, 1430 ಅಂಕದ ಹತ್ತಿರ, ಸುತ್ತಲೂ ಕೆಂಪು ತುಂಬಿದ ಜಾಗದಲ್ಲಿ ಒಂಟಿ ಹಸಿರು ಚುಕ್ಕಿ. ಅದು ಕೋಚ್ ಆರಿಸಿಕೊಂಡ ಕ್ರೀಡಾಪಟುವಿನದಿರಬಹುದು, ಅದೇ ಕಾಲೇಜಿನಲ್ಲಿ ಓದಿದವರ ಮಗಳದಿರಬಹುದು. ಪ್ರವೇಶದಲ್ಲಿ ಜನಾಂಗ ನೋಡುವುದರ ವಿರುದ್ಧ ಹಾರ್ವರ್ಡ್ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ ಹೊರಬಿದ್ದ ಅಂಕಿಗಳನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ, ಸೀಟು ಪಡೆದ ಬಿಳಿಯ ವಿದ್ಯಾರ್ಥಿಗಳಲ್ಲಿ ಶೇ. 43ಕ್ಕೂ ಹೆಚ್ಚು ಮಂದಿ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ಅಲ್ಲಿನ ಸಿಬ್ಬಂದಿಯ ಮಕ್ಕಳು ಅಥವಾ ಡೀನ್ ಅವರ ವಿಶೇಷ ಪಟ್ಟಿಯವರು ಎಂದು ಗೊತ್ತಾಯಿತು. ದುಬಾರಿ ಶುಲ್ಕದ ಶಾಲೆಗಳಲ್ಲಿ ಇಂಥ ಕುಟುಂಬಗಳು ಹೆಚ್ಚು. ಆದ್ದರಿಂದ ಶಾಲೆ ದುಬಾರಿಯಾದಷ್ಟೂ ಗ್ರಾಫ್ ದಾರಿ ತಪ್ಪಿಸುವುದು ಜಾಸ್ತಿ. ಅಪ್ಪ ಅಮ್ಮ ಆರ್‌ವಿಯಲ್ಲೋ ಬಿಎಂಎಸ್‌ನಲ್ಲೋ ಓದಿದವರಾದರೆ ಆ ಒಂಟಿ ಚುಕ್ಕಿ ನಿಮ್ಮ ಲೆಕ್ಕಕ್ಕಿಲ್ಲ.

ಹಾಗಾಗಿ ಮೊದಲು ನೋಡಬೇಕಾದದ್ದು ಮೇಲಿನ ಬಲ ಮೂಲೆ. 1550ರ ಮೇಲೆ, ಶಾಲೆಯ ಅತ್ಯುತ್ತಮ ಜಿಪಿಎ ಇರುವಲ್ಲೂ ಕೆಂಪೇ ಹೆಚ್ಚಿದ್ದರೆ, ಅಲ್ಲಿ ಅಂಕ ಬಾಗಿಲವರೆಗೆ ಮಾತ್ರ ಒಯ್ಯುತ್ತದೆ. ಎಸ್‌ಎಟಿ ಮತ್ತೊಮ್ಮೆ ಬರೆದು 20 ಅಂಕ ಏರಿಸಿದರೆ ಏನೂ ಬದಲಾಗದು, ಆ ಸಮಯ ಅರ್ಜಿಯ ಪ್ರಬಂಧಕ್ಕೆ ಕೊಡಿ.

ಬ್ರ್ಯಾಂಚಿನ ಸಮಸ್ಯೆ ನಮ್ಮ ಮಕ್ಕಳಿಗೆ ಇನ್ನೂ ಕಠಿಣ, ಏಕೆಂದರೆ ಅವರಲ್ಲಿ ಬಹಳ ಮಂದಿ ಕೇಳುವುದು ಕಂಪ್ಯೂಟರ್ ಸೈನ್ಸ್. ಕಾರ್ನೆಗಿ ಮೆಲನ್‌ನಲ್ಲಿ, ಇಲಿನಾಯ್ ಅರ್ಬಾನಾ-ಶಾಂಪೇನ್‌ನಲ್ಲಿ ಆ ಸೀಟಿನ ಪೈಪೋಟಿಯೇ ಬೇರೆ. ಗ್ರಾಫ್ ಇತಿಹಾಸ ಓದಲು ಹೋದವರನ್ನೂ ಅದೇ ಹಸಿರಿನಲ್ಲಿ ತೋರಿಸುತ್ತದೆ.

ಎಸ್‌ಎಟಿ ಅಕ್ಷವನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಂಕ ಕಳಿಸುವುದು ಕಡ್ಡಾಯವಲ್ಲದ ವರ್ಷಗಳಲ್ಲಿ ವಿದ್ಯಾರ್ಥಿ ಕಾಲೇಜಿಗೆ ಅಂಕ ಕಳಿಸದೇ ಇದ್ದಿರಬಹುದು. ಶಾಲೆಯ ದಾಖಲೆಯಲ್ಲಿ ಅದು ಇರುವುದರಿಂದ ಚುಕ್ಕಿ ಬೀಳುತ್ತದೆ. ಎಂಐಟಿ 2022ರಲ್ಲೇ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ 2024ರಲ್ಲಿ ಹಾಗೆ ಘೋಷಿಸಿದವು. ಅದಕ್ಕೂ ಹಿಂದಿನ ಚುಕ್ಕಿಗಳನ್ನು ಬೇರೆಯಾಗಿ ಓದಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಎಸ್‌ಎಟಿ ನೋಡುವುದೇ ಇಲ್ಲ. ಮೇಲಾಗಿ 10 ಮತ್ತು 11ನೇ ತರಗತಿಯ ವಿಷಯಗಳಿಂದ ತಮ್ಮದೇ ಜಿಪಿಎ ಕಟ್ಟುತ್ತವೆ. ಅಲ್ಲಿಗೆ ಆ ಲೆಕ್ಕ ಮಾಡಿಕೊಂಡೇ ಗ್ರಾಫ್ ತೆರೆಯಿರಿ.

ಕೌನ್ಸೆಲರ್ ಭೇಟಿಗೆ ಹೋಗುವಾಗ ಗ್ರಾಫಿನ ಪ್ರತಿ ಒಯ್ದು ಕೇಳಿ: ಇದು ವೆಯ್ಟೆಡ್ ಜಿಪಿಎಯೇ (ಕಠಿಣ ವಿಷಯಗಳಿಗೆ ಹೆಚ್ಚು ಅಂಕ ಸೇರಿಸಿದ್ದು), ಅಲ್ಲವೇ? ಯಾವ ವರ್ಷದಿಂದ ಯಾವ ವರ್ಷದವರೆಗಿನ ಮಾಹಿತಿ? ಹಸಿರಿನಲ್ಲಿ ಎಷ್ಟು ಅರ್ಲಿ ಡಿಸಿಷನ್ (ಸಿಕ್ಕರೆ ಸೇರಿಯೇ ಸೇರುತ್ತೇನೆಂದು ಮುಂಚೆಯೇ ಹಾಕುವ ಅರ್ಜಿ), ಎಷ್ಟು ರೆಗ್ಯುಲರ್? ವೇಟ್‌ಲಿಸ್ಟಿನಿಂದ (ಕಾಯುವವರ ಪಟ್ಟಿಯಿಂದ) ಆಮೇಲೆ ಸೀಟು ಸಿಕ್ಕವರನ್ನು ತಿದ್ದಿ ಹಾಕಿದ್ದೀರಾ? ಹೆಸರು ಹೇಳುವಂತಿಲ್ಲ, ಹೇಳಲೂಬಾರದು. ಆದರೆ "ಆ ಚುಕ್ಕಿಯನ್ನು ಲೆಕ್ಕಕ್ಕೆ ತಗೋಬೇಡಿ" ಎಂಬ ಒಂದು ಮಾತು ಸಾಕು. ಜೊತೆಗೆ ಕಾಲೇಜಿನ ಕಾಮನ್ ಡೇಟಾ ಸೆಟ್ (ಕಾಲೇಜು ತನ್ನ ಅಂಕಿ-ಅಂಶ ಪ್ರಕಟಿಸುವ ನಮೂನೆ) ತೆಗೆದು ಸಿ7 ಭಾಗ ನೋಡಿ. ಹಳೆಯ ವಿದ್ಯಾರ್ಥಿಗಳ ಸಂಬಂಧಕ್ಕೆ ಎಷ್ಟು ಮಹತ್ವ ಎಂದು ಕಾಲೇಜೇ ಅಲ್ಲಿ ಬರೆದಿರುತ್ತದೆ.

ಈ ಗ್ರಾಫ್ ನಿಜಕ್ಕೂ ಗಟ್ಟಿಯಾಗಿ ನಿಲ್ಲುವುದು ಹೆಸರಿನ ಮೋಹ ಕಡಿಮೆ ಇರುವ ಕಡೆ: ಶಾಲೆಯಿಂದ ಪ್ರತಿವರ್ಷ ಹತ್ತಿಪ್ಪತ್ತು ಮಂದಿ ಅರ್ಜಿ ಹಾಕುವ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿ ಹಸಿರು ಕೆಂಪಿನ ಗೆರೆ ಸ್ಪಷ್ಟ. ಖಚಿತವಾಗಿ ಸಿಗುವ ಎರಡು ಮೂರು ಕಾಲೇಜು ಆರಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ, ಆ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಅಂಕ ಕೊಡಬಹುದು. ಸ್ಟ್ಯಾನ್‌ಫರ್ಡ್, ಹಾರ್ವರ್ಡ್ ಪುಟಗಳಿಗೆ ಒಂದೂವರೆ.

ಎಂಟನೇ ತರಗತಿಯ ಮಗುವಿಗೆ ಶಾಲೆ ಹುಡುಕುತ್ತಿರುವವರಿಗೆ ಈ ಲಾಗಿನ್ ಸಿಗುವುದಿಲ್ಲ. ಕೈಗೆ ಬರುವುದು ತನ್ನ ಮಕ್ಕಳ ಬಗ್ಗೆ ಶಾಲೆ ಕೊಡುವ ಕಾಲೇಜುಗಳ ಹೆಸರಿನ ಪಟ್ಟಿ. ಅದರಲ್ಲಿ ಪ್ರವೇಶ ಸಿಕ್ಕವರ ಎಣಿಕೆಯೋ, ಸೇರಿದವರದ್ದೋ ಎಂದು ವಿಚಾರಿಸಿ. ಒಬ್ಬಳೇ ಹುಡುಗಿಗೆ ಎಂಟು ಕಡೆ ಸಿಕ್ಕಿದ್ದರೆ ಮೊದಲ ಎಣಿಕೆಯಲ್ಲಿ ಅದು ಎಂಟು, ಎರಡನೆಯದರಲ್ಲಿ ಒಂದು.