ಕೆರೆ ಸುತ್ತ ಹಕ್ಕಿ ನಡಿಗೆ: ಕಿವಿ ಮಂದವಾದ ಅಪ್ಪನ ಜೊತೆ ಒಂದು ಬೆಳಗು

ಅಪ್ಪನಿಗೆ 71 ವರ್ಷ, ಎರಡೂ ಕಿವಿ ಮಂದ. ಹಕ್ಕಿ ನೋಡುವವರಿಗೆ ಕಣ್ಣಿಗಿಂತ ಕಿವಿ ಮುಖ್ಯ ಅಂತ ಕೇಳಿದ್ದರಿಂದ ಊರೊಳಗಿನ ಕೆರೆಯ ಈ ಗುಂಪು ನಡಿಗೆಗೆ ಅವರ ಹೆಸರು ಕೊಡಲು ಅಳುಕಿದ್ದೆ. ಕೊನೆಗೆ ಕರೆದುಕೊಂಡು ಹೋದೆ. ವಯಸ್ಸಾದವರನ್ನು ಇಂಥ ಕಡೆ ಕರೆದೊಯ್ಯಬಹುದೇ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೊರತೆ ಹೇಳಿಬಿಡುತ್ತೇನೆ. ಆರೂವರೆಗೆ ಅಂದಿದ್ದರು, ತಡವಾಗಿ ಬಂದವರಿಗೆ ಕಾದು ಹೊರಟಾಗ ಏಳಕ್ಕೆ ಹತ್ತು ನಿಮಿಷ. ಹಕ್ಕಿಗಳು ಅತಿ ಚುರುಕಾಗಿರುವ ಹೊತ್ತನ್ನು ಗೇಟಿನ ಬಳಿ ಕಳೆದೆವು. 24 ಜನಕ್ಕೆ ಮುಂದಾಳು ಒಬ್ಬರೇ, ದೂರದ ಹಕ್ಕಿ ನೋಡಲು ಮುಕ್ಕಾಲಿಯ ಮೇಲೆ ನಿಲ್ಲಿಸುವ ದುರ್ಬೀನು, ಅಂದರೆ ಸ್ಪಾಟಿಂಗ್ ಸ್ಕೋಪೂ ಒಂದೇ. ದಂಡೆಯ ದಾರಿ ಕಿರಿದು. ಹಿಂದೆ ಉಳಿದವರಿಗೆ ವಿವರಣೆ ಅರ್ಧವೂ ತಲುಪಲಿಲ್ಲ. ಹನ್ನೆರಡು ಜನಕ್ಕಿಂತ ಹೆಚ್ಚು ಸೇರಿಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಆದರೆ ಆ ಮುಂದಾಳು ಕೆಲಸ ಬಲ್ಲವರು. ಅಪ್ಪನಿಗೆ ಕೇಳಿಸದು ಅಂತ ತಿಳಿದ ಕೂಡಲೇ ಮಾತು ಬಿಟ್ಟು ಕೈಸನ್ನೆಗೆ ಇಳಿದರು. ಎದುರಿಗಿದ್ದ ಒಣಮರವೇ ಗಡಿಯಾರ. ಬೆರಳಲ್ಲಿ ಹತ್ತು ತೋರಿಸಿದರೆ ಹತ್ತು ಗಂಟೆಯ ಮುಳ್ಳಿನ ಕಡೆ ನೋಡಬೇಕು. ಆ ಕೊಂಬೆಯಲ್ಲಿ ನೀರುಕಾಗೆ ರೆಕ್ಕೆ ಹರಡಿ ಕೂತಿತ್ತು. ಅದರ ಗರಿಗೆ ನೀರು ಇಳಿಯುತ್ತದೆ, ಅದರಿಂದಲೇ ಸಲೀಸಾಗಿ ಮುಳುಗಬಲ್ಲದು, ಆಮೇಲೆ ಹೀಗೆ ಒಣಗಿಸಿಕೊಳ್ಳಬೇಕು. ಇದನ್ನೆಲ್ಲ ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ಚೀಟಿಯಲ್ಲಿ ಬರೆದು ಅಪ್ಪನ ಕೈಗಿಡುತ್ತಿದ್ದಳು. ಯಾರೂ ಹೇಳಿರಲಿಲ್ಲ, ತಾನಾಗಿಯೇ ಮಾಡಿದಳು.

ಬೈನಾಕ್ಯುಲರ್ ಇಲ್ಲದವರಿಗೆ ನಡಿಗೆ ನಡೆಸುವವರೇ ಕೊಡುತ್ತಾರೆ, 8×42ರದ್ದು. ಅಂದರೆ ಎಂಟು ಪಟ್ಟು ಹತ್ತಿರ, ಮುಂದಿನ ಮಸೂರ 42 ಮಿಲಿಮೀಟರ್ ಅಗಲ. ಕನ್ನಡಕದವರು ಕಣ್ಣಿಗಿಡುವ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಳ್ಳಬೇಕು. ಅಪ್ಪ ಹತ್ತು ನಿಮಿಷ ಬರೀ ಕಪ್ಪು ಉಂಗುರ ನೋಡುತ್ತಿದ್ದರು. ಇದನ್ನು ಶುರುವಿನಲ್ಲೇ ಎಲ್ಲರಿಗೂ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು.

ಇಡೀ ಬೆಳಗಿನ ಸಾರ ಇದ್ದದ್ದು ಜೊಂಡಿನ ಪಕ್ಕ ಒಂದೇ ಕಡೆ ನಿಂತ ನಲವತ್ತು ನಿಮಿಷದಲ್ಲಿ. ಕೆಲವರಿಗೆ ಬೇಸರವಾಗಿ ಮುಂದೆ ಹೋದರು. ಮುಂದಾಳು ಸ್ಕೋಪಿನ ಕಾಲುಗಳನ್ನು ತಗ್ಗಿಸಿ ಅಪ್ಪನನ್ನು ಕಲ್ಲಿನ ಮೇಲೆ ಕೂರಿಸಿದರು. ಒಂದು ಗುಳುಮುಳುಕ. ಮುಷ್ಟಿಯಷ್ಟು ಹಕ್ಕಿ. ಅದು ಮುಳುಗಿದೊಡನೆ ಅಪ್ಪ ಬೆರಳು ಮಡಚಿ ಎಣಿಸತೊಡಗಿದರು. ಹದಿನೆಂಟಕ್ಕೆ ಎದ್ದಿತು, ನಾವು ಕಾಯುತ್ತಿದ್ದ ಜಾಗದಲ್ಲಲ್ಲ, ಎಷ್ಟೋ ಎಡಕ್ಕೆ. ಮತ್ತೆ ಮುಳುಗಿತು, ಮತ್ತೆ ಎಣಿಕೆ. ಸುತ್ತ ಎಲ್ಲರೂ ಬಾಯಿ ಮುಚ್ಚಿ ನಿಂತಿದ್ದರು. ಎಷ್ಟೋ ವರ್ಷಗಳ ಮೇಲೆ, ಹತ್ತಾರು ಜನರ ನಡುವೆ ಅಪ್ಪ ಏನನ್ನೂ ಕಳೆದುಕೊಳ್ಳದೆ ಕೂತಿದ್ದನ್ನು ಕಂಡೆ.

ಅಷ್ಟರಲ್ಲಿ ಯಾರೋ ಜೊಂಡಿನಲ್ಲಿ ಅಡಗುವ ನೀರುಹಕ್ಕಿ ಹುಂಡುಕೋಳಿಯನ್ನು ಹೊರಗೆಳೆಯಲು ಫೋನಿನಲ್ಲಿ ಅದರ ಕೂಗು ಹಾಕಿದರು. ಮುಂದಾಳು ತಕ್ಷಣ ನಿಲ್ಲಿಸಿದರು: ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಅದು ಗೂಡು ಬಿಟ್ಟು ಓಡಿಬರುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ಮೆದುವಾಗಿಯೇ ಹೇಳಿದರು, ಆದರೆ ಬಿಡಲಿಲ್ಲ. ಆ ಒಂದಕ್ಕೇ ನಾನು ಪೂರ್ತಿ ಅಂಕ ಕೊಡುತ್ತೇನೆ.

ಕೊಳಚೆ ಸೇರುವ ಮೂಲೆಯಲ್ಲೇ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳು ಹೆಚ್ಚಿದ್ದವು. ಇಷ್ಟು ಹಕ್ಕಿ ಇದ್ದರೆ ನೀರು ಒಳ್ಳೆಯದಿದೆ ಅಂತಲೇ ನಾನು ತಿಳಿದಿದ್ದೆ. ಹಾಗಲ್ಲವಂತೆ, ಕೊಳೆತ ಕೆಸರಿನಲ್ಲಿ ಹುಳು ಹೆಚ್ಚು, ಅದಕ್ಕೆ ಬಂದಿವೆ. ಈ ಮಾತು ಇನ್ನೂ ಮನಸ್ಸಿನಲ್ಲಿ ಕೂತಿದೆ.

ಕೊನೆಗೆ ಹಕ್ಕಿ ನೋಡುವವರು ಕಂಡದ್ದನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಪಟ್ಟಿ ಸೇರಿಸಿದರು, 31 ಜಾತಿ. ಹಣೆಯಲ್ಲಿ ಬಿಳಿ ನಾಮವಿರುವ ಕಪ್ಪು ನೀರುಹಕ್ಕಿಗಳಾದ ನಾಮದ ಕೋಳಿಗಳನ್ನು ಹತ್ತು ಹತ್ತರ ಗುಂಪಾಗಿ ಎಣಿಸುವುದನ್ನು ಕಲಿಸಿದರು. ಕಂಡದ್ದನ್ನೆಲ್ಲ, ಕಾಗೆಯನ್ನೂ ಬಿಡದೆ, ಬರೆದರೆ ಮಾತ್ರ ಪಟ್ಟಿಯಲ್ಲಿ ಇಲ್ಲದ ಹಕ್ಕಿ ನಿಜಕ್ಕೂ ಕಾಣಲಿಲ್ಲ ಅಂತ ಗೊತ್ತಾಗುವುದು.

ಮುಂದಿನ ನಡಿಗೆಗೂ ಹೆಸರು ಕೊಟ್ಟಿದ್ದೇವೆ, ಸಣ್ಣ ತಂಡದಲ್ಲಿ ಹಾಕಿ ಅಂತ ಕೇಳಿಕೊಂಡು. ಮಡಚುವ ಸ್ಟೂಲೊಂದನ್ನು ಒಯ್ಯಿರಿ. ಕೂರಲು ಎಲ್ಲ ಕಡೆ ಕಲ್ಲು ಸಿಗುವುದಿಲ್ಲ.