ಸ್ವಿಸ್ ಕೆಂಪು ಜೆರ್ಸಿ, 2016: ಝಾಕಾ 10 ಕೊಳ್ಳುವ ಮುನ್ನ

2016ರ ಯೂರೋ ಕಪ್ ಫುಟ್‌ಬಾಲ್‌ಗೆ ಪೂಮಾ ಹೊಲಿದ ಸ್ವಿಟ್ಜರ್ಲೆಂಡ್‌ನ ಕೆಂಪು ಜೆರ್ಸಿ ನೋಡಲು ಬಲು ಚೆಂದ. ಬೆನ್ನ ಮೇಲೆ 10, ಮೇಲೆ ಗ್ರಾನಿಟ್ ಝಾಕಾ ಹೆಸರಿದ್ದರೆ ಅಭಿಮಾನಿಗೆ ಇನ್ನೇನು ಬೇಕು? ಸ್ವಿಟ್ಜರ್ಲೆಂಡ್ ಪರ ಅತಿ ಹೆಚ್ಚು ಪಂದ್ಯ ಆಡಿದ್ದ ಹೈಂಜ್ ಹರ್ಮನ್ ಅವರ 118 ಪಂದ್ಯಗಳ ದಾಖಲೆಯನ್ನು 2023ರಲ್ಲಿ ದಾಟಿದ ಮಿಡ್‌ಫೀಲ್ಡರ್ ಆತ. ಆದರೆ 2016ರ ಯೂರೋ ಕಪ್‌ನಲ್ಲಿ, ಜೂನ್ 19ರಂದು ಲೀಲ್‌ನಲ್ಲಿ, ಫ್ರಾನ್ಸ್ ವಿರುದ್ಧದ 0-0 ಪಂದ್ಯದಲ್ಲಿ ಚಿಂದಿಯಾದದ್ದೂ ಇದೇ ಅಂಗಿ. ಝಾಕಾ ಸೇರಿ ಹಲವರು ನಡುವೆಯೇ ಜೆರ್ಸಿ ಬದಲಿಸಬೇಕಾಯಿತು.

ಕಾರಣವನ್ನು ಪೂಮಾ ಬಚ್ಚಿಡಲಿಲ್ಲ. ಬಟ್ಟೆ ಪಾಲಿಯೆಸ್ಟರ್ ಮತ್ತು ಎಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ನೂಲು) ಮಿಶ್ರಣ. ತಯಾರಿಕೆಯಲ್ಲಿ ಶಾಖ, ಒತ್ತಡ, ಸಮಯ ಮೂರೂ ಹದದಲ್ಲಿರಬೇಕು. ಒಂದು ಕಂತಿನ ಬಟ್ಟೆಯಲ್ಲಿ ಹದ ತಪ್ಪಿ ನೂಲು ಸೊರಗಿತ್ತು. ಆಟಗಾರರ ಜೆರ್ಸಿ ಮೈಗಂಟಿಕೊಳ್ಳುವಷ್ಟು ಬಿಗಿ. ಎಳೆದರೆ ಹಿಗ್ಗಿ, ಬಿಟ್ಟರೆ ಮರಳಬೇಕು. ನೂಲಿನಲ್ಲಿ ಸತ್ವವಿಲ್ಲದಿದ್ದರೆ ಹಿಗ್ಗುವ ಬದಲು ಹರಿಯುತ್ತದೆ. ಎದುರಾಳಿಗೆ ಬೆನ್ನು ಕೊಟ್ಟು ಚೆಂಡು ಕಾಯುವ ಮಿಡ್‌ಫೀಲ್ಡರ್‌ನ ಅಂಗಿಗೆ ಜಗ್ಗಾಟ ತಪ್ಪಿದ್ದಲ್ಲ.

ಹಾಗಾಗಿ ತೊಟ್ಟು ಆಡುವವರು ಅಭಿಮಾನಿಗಳಿಗೆಂದು ಮಾರಿದ ಸಡಿಲ ಜೆರ್ಸಿಯನ್ನೇ ಆರಿಸಿ. ಅದು ಉಸಿರಾಡಲು ಬಿಡುತ್ತದೆ, ಬಾಳಿಕೆಯೂ ಹೆಚ್ಚು. ಆಟಗಾರರ ಮಾದರಿ ಚೌಕಟ್ಟು ಹಾಕಿ ಗೋಡೆಗೆ ತೂಗಲು ಸರಿ. ತೊಡಲೇಬೇಕೆಂದರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ.

ಹಳೆಯದನ್ನು ಕೊಳ್ಳುವಾಗ ಮೊದಲು ಒಳಮಗ್ಗುಲು ತಿರುಗಿಸಿ. ಕಂಕುಳ ಹೊಲಿಗೆ ಮತ್ತು ಪಕ್ಕೆಯ ಭಾಗವನ್ನು ಬೆಳಕಿಗೆ ಹಿಡಿದರೆ ತೆಳುವಾದ ಜಾಗ ಕಾಣುತ್ತದೆ. ಎರಡೂ ಕೈಯಲ್ಲಿ ಮೆಲ್ಲಗೆ ಅಡ್ಡಕ್ಕೆ ಎಳೆದು ಬಿಡಿ: ಬಟ್ಟೆ ಮರಳದೆ ಅಲೆಅಲೆಯಾಗಿ ಉಳಿದರೆ, ಅಥವಾ ಚಿಟಚಿಟ ಸದ್ದು ಬಂದರೆ, ಎಲಾಸ್ಟೇನ್ ಸತ್ತಿದೆ. ಅಂಥದ್ದು ಎಷ್ಟು ಅಗ್ಗವಾದರೂ ಬೇಡ. ಅಂಕಿಯ ಅಂಚು ಬಿರುಕು ಬಿಟ್ಟಿದೆಯೇ ಎಂದೂ ಉಗುರಿನಿಂದ ಸವರಿ ನೋಡಿ.

ಒಗೆಯುವುದರಲ್ಲೂ ಶಾಖವೇ ಶತ್ರು. ಒಳಮಗ್ಗುಲು ಮಾಡಿ 30 ಡಿಗ್ರಿ ಮೀರದ ನೀರಲ್ಲಿ, ಬ್ಲೀಚ್ ಇಲ್ಲದೆ, ಮೃದುಕಾರಕವೂ (ಫ್ಯಾಬ್ರಿಕ್ ಸಾಫ್ಟನರ್) ಇಲ್ಲದೆ ಒಗೆಯಿರಿ. ಮೃದುಕಾರಕ ನೂಲಿಗೆ ಪದರ ಕಟ್ಟಿ ಬೆವರು ಹೀರುವುದನ್ನು ತಡೆಯುತ್ತದೆ. ಹಿಂಡಬೇಡಿ. ಡ್ರೈಯರ್ ಬೇಡ, ನೆರಳಲ್ಲಿ ಹರಡಿ. ಇಸ್ತ್ರಿ ಪೆಟ್ಟಿಗೆ ಝಾಕಾ ಹೆಸರಿನ ಮೇಲೆ ನೇರವಾಗಿ ತಗುಲಿದರೆ ಅಕ್ಷರ ಕರಗಿ ಅಂಟುತ್ತದೆ.